ಫ್ಯಾನ್ ಹಾಕದ ಮನೆಯ ಲ್ಯಾಪ್‌ಟಾಪ್

ಅಪ್ಪನಿಗೆ ಲಕ್ವ ಹೊಡೆದದ್ದು ದೀಪಾವಳಿ ಕಳೆದ ಮರುವಾರ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಎಡಗೈ, ಎಡಗಾಲು ಎರಡೂ ಬಿದ್ದುಹೋದವು, ಮಾತು ತೊದಲಿತು, ಬುದ್ಧಿ ಮಾತ್ರ ಎಳ್ಳಷ್ಟೂ ಮಂಕಾಗಲಿಲ್ಲ. ಚಲನೆ ಇಲ್ಲದ ಮೈಗೆ ನೋವೂ ಇರುವುದಿಲ್ಲ ಎಂದು ನಾನು ತಿಳಿದಿದ್ದೆ. ಎರಡು ತಿಂಗಳು ಕಳೆಯುವುದರೊಳಗೆ ನನ್ನ ತಿಳಿವಳಿಕೆ ತಪ್ಪೆಂದು ಗೊತ್ತಾಯಿತು. ಅವರ ಎಡಮೈ ಅಲುಗಾಡುತ್ತಿರಲಿಲ್ಲ, ಆದರೆ ಉರಿಯುತ್ತಿತ್ತು. ಹೊದಿಕೆಯ ಭಾರ ತಡೆಯದು. ಫ್ಯಾನಿನ ಗಾಳಿ ತಾಗಿದರಂತೂ ಮೆಣಸಿನಕಾಯಿ ಅರೆದು ಹಚ್ಚಿದ ಹಾಗಾಗುತ್ತದೆ ಎನ್ನುತ್ತಿದ್ದರು. ಇದು ನರದ ದೋಷ, ಕೆಲವರಿಗೆ ಹೀಗಾಗುತ್ತದೆ, ಗಾಳಿ ತಾಗದಂತೆ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿ ಮಾತ್ರೆ ಬರೆದುಕೊಟ್ಟರು. ಮಾತ್ರೆಯಿಂದ ನಿದ್ದೆ ಬರುತ್ತಿತ್ತು, ಉರಿ ಹೋಗುತ್ತಿರಲಿಲ್ಲ.

ಗೋರೆಗಾಂವಿನಲ್ಲಿ ನಮ್ಮದು ಒಂದೇ ಕೋಣೆಯ ಮನೆ. ಒಂದು ಮೂಲೆಯಲ್ಲಿ ಅಡುಗೆ ಕಟ್ಟೆ, ಅದರ ಪಕ್ಕಕ್ಕೆ ಪಾತ್ರೆ ತೊಳೆಯುವ ಮೋರಿ, ಪಡುವಣಕ್ಕೆ ಒಂದು ಕಿಟಕಿ. ಕೋಣೆಯ ನಟ್ಟನಡುವೆ ಸೀಲಿಂಗ್ ಫ್ಯಾನು. ಅದನ್ನು ಜನವರಿಯಲ್ಲಿ ಆರಿಸಿದವಳು ಬೇಸಿಗೆ ಬಂದರೂ ಹಾಕಲಿಲ್ಲ. ಮುಂಬೈಯಲ್ಲಿ ಬೇಸಿಗೆ ಎಂದರೆ ಏನೆಂದು ಬಲ್ಲವರಿಗೆ ಫ್ಯಾನಿಲ್ಲದ ಕೋಣೆಯ ಬಗ್ಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಅಮ್ಮ ತೀರಿಕೊಂಡು ಆರು ವರ್ಷವಾಗಿತ್ತು. ನಾನು ಮದುವೆಯಾಗಿರಲಿಲ್ಲ, ಅದರ ಕಥೆ ಇಲ್ಲಿ ಬೇಡ.

ನನ್ನ ಕೆಲಸ ಫೋರ್ಟ್ ಬಡಾವಣೆಯ ಒಂದು ಸಣ್ಣ ಸರ್ವೆ ಆಫೀಸಿನಲ್ಲಿ. ಹಡಗಿನಲ್ಲಿ ಬಂದ ಸರಕು ಒದ್ದೆಯಾದರೆ, ಒಡೆದರೆ, ಹಾಳಾದದ್ದು ಎಷ್ಟು, ಹೇಗೆ ಎಂದು ನೋಡಿ ವಿಮೆಯವರಿಗೆ ವರದಿ ಕೊಡುವ ಆಫೀಸು ಅದು. ಸರ್ವೆಯರುಗಳು ಬಂದರು ಕಟ್ಟೆಗಳಲ್ಲಿ ಅಲೆದು ಗೀಚಿಕೊಂಡು ಬಂದದ್ದನ್ನು ಓದಲು ಬರುವಂಥ ಇಂಗ್ಲಿಷಿಗೆ ತಂದು ಟೈಪು ಮಾಡುವುದು ನನ್ನ ಪಾಲಿನದು. ಅಪ್ಪನಿಗೆ ಹೀಗಾದ ಮೇಲೆ ಮೊದಲು ರಜೆ ಹಾಕಿದೆ, ಆಮೇಲೆ ಒಬ್ಬ ಆಯಾಳನ್ನು ಇಟ್ಟೆ. ಮೂರು ವಾರಕ್ಕೆ ಅವಳು ಹೇಳದೆ ಕೇಳದೆ ಬಿಟ್ಟುಹೋದಳು. ಫ್ಯಾನಿಲ್ಲದ ಕೋಣೆಯಲ್ಲಿ ಇಡೀ ದಿನ ಕೂರಲು ಯಾರಿಗೆ ಬೇಕಾಗಿದೆ? ನನಗೂ ಬೇಕಾಗಿರಲಿಲ್ಲ.

ಸಾಹೇಬರು ಮುದಿ ಪಾರಸಿ, ನನ್ನನ್ನು ಮಗಳೆಂಬ ಅರ್ಥದಲ್ಲಿ ಡಿಕ್ರಿ ಎಂದೇ ಕರೆಯುತ್ತಿದ್ದರು. ರಾಜೀನಾಮೆ ಬರೆದುಕೊಂಡು ಹೋದ ದಿನ ಅವರು ಅದನ್ನು ಓದಿ ಮಡಚಿಟ್ಟು, ಕಪಾಟಿನಿಂದ ಸಿಂಗಾಪುರದಿಂದ ತಂದ ಲ್ಯಾಪ್‌ಟಾಪನ್ನು ತೆಗೆದು ನನ್ನ ಮುಂದಿಟ್ಟರು. "ಘರ್ ಲೇ ಜಾ, ಡಿಕ್ರಿ. ಘರ್ ಸೆ ಕಾಮ್ ಕರ್. ಲೇಕಿನ್ ಹರ್ ಶನಿವಾರ್ ಫ್ಲಾಪಿ ಮೇರೆ ಟೇಬಲ್ ಪೆ. ಏಕ್ ಶನಿವಾರ್ ಭೀ ಚೂಕಾ ತೊ ಮೈ ದೂಸ್ರೀ ರಖ್ ಲೂಂಗಾ." ಮನೆಯಿಂದಲೇ ಕೆಲಸ ಮಾಡು, ಪ್ರತಿ ಶನಿವಾರ ಫ್ಲಾಪಿ ನನ್ನ ಮೇಜಿಗೆ ಬರಬೇಕು, ಒಮ್ಮೆ ತಪ್ಪಿದರೂ ಬೇರೆಯವಳನ್ನು ಇಟ್ಟುಕೊಳ್ಳುತ್ತೇನೆ ಎಂದದ್ದು ಗದರಿಸುವ ದನಿಯಲ್ಲೇನೂ ಅಲ್ಲ. ಆದರೆ ಆಡಿದ ಮಾತು ತಪ್ಪುವ ಮನುಷ್ಯ ಅವರಲ್ಲ ಎಂದು ಒಂಬತ್ತು ವರ್ಷದಲ್ಲಿ ನನಗೆ ಗೊತ್ತಾಗಿತ್ತು. ಆ ಯಂತ್ರ ನಡೆದರೆ ನನಗೆ ನೌಕರಿ ಇದೆ, ಅಪ್ಪನ ಪಕ್ಕದಲ್ಲಿ ಇರುವುದೂ ಸಾಧ್ಯ. ನಿಂತರೆ ಎರಡರಲ್ಲಿ ಒಂದು ಹೋಗುತ್ತದೆ, ಯಾವುದು ಹೋದರೂ ನಾವಿಬ್ಬರೂ ಬೀದಿಗೆ ಬೀಳುತ್ತೇವೆ.

ಲ್ಯಾಪ್‌ಟಾಪು ಹೆಸರಿಗಷ್ಟೇ ತೊಡೆಯ ಮೇಲಿನದು. ತೊಡೆಯ ಮೇಲಿಟ್ಟರೆ ಕಾಲು ಜೋಮು ಹಿಡಿಯುವಷ್ಟು ಭಾರ. ಹಳೆಯ ಸೀರೆಯಲ್ಲಿ ಸುತ್ತಿ, ತರಕಾರಿ ಚೀಲದಲ್ಲಿಟ್ಟು, ಚರ್ಚ್‌ಗೇಟಿನಿಂದ ಲೋಕಲ್‌ನಲ್ಲಿ ಮನೆಗೆ ತಂದೆ. ಲೇಡೀಸ್ ಡಬ್ಬಿಯಲ್ಲಿ ಒಬ್ಬಾಕೆ ಏನಿದು, ಹೊಲಿಗೆ ಮಶೀನಾ ಎಂದು ಕೇಳಿದಳು. ಹೌದು ಎಂದೆ.

ಫೆಬ್ರವರಿ ಹೇಗೋ ಸಾಗಿತು. ಮಾರ್ಚಿನ ಎರಡನೆಯ ವಾರದಿಂದ ಯಂತ್ರ ತನ್ನ ಗುಣ ತೋರಿಸಿತು. ಮುಕ್ಕಾಲು ಗಂಟೆ ಕೆಲಸ ಮಾಡುವುದರೊಳಗೆ ಅದರ ತಳ ಕಾದ ಕಾವಲಿಯಾಗುತ್ತಿತ್ತು. ಮೊದಲು ಪರದೆ ಕಪ್ಪಾಗುತ್ತ ಬಂದು ಅಕ್ಷರಗಳು ಅದರಲ್ಲಿ ಮುಳುಗುತ್ತಿದ್ದವು. ಆಮೇಲೆ ಎಲ್ಲ ನಿಂತೇಹೋಗುತ್ತಿತ್ತು. ಯಾವ ಕೀ ಒತ್ತಿದರೂ ಉತ್ತರವಿಲ್ಲ. ಆರಿಸಿ, ಅರ್ಧ ಗಂಟೆ ಕಾದು, ಮತ್ತೆ ಹಾಕಿದರೆ ಸೇವ್ ಮಾಡದ ಪುಟ ಮಾಯವಾಗಿರುತ್ತಿತ್ತು. ಆ ಯಂತ್ರದ ಒಳಗೂ ಫ್ಯಾನ್ ಇರಲಿಲ್ಲ. ನಮ್ಮ ಮನೆಗೆ ತಕ್ಕದ್ದೇ ಬಂದಿತ್ತು.

ಟೇಬಲ್ ಫ್ಯಾನ್ ತಂದು ಗೋಡೆಗೆ ಮುಖ ಮಾಡಿ ಇಟ್ಟು ನೋಡಿದೆ. ಅಷ್ಟು ಸಣ್ಣ ಕೋಣೆಯಲ್ಲಿ ಗಾಳಿ ಗೋಡೆಗೆ ಬಡಿದು ನೇರ ಮಂಚಕ್ಕೇ ಬರುತ್ತಿತ್ತು, ಅಪ್ಪ ಹಲ್ಲು ಕಚ್ಚಿ ಮುಲುಗುತ್ತಿದ್ದರು. ಹಗ್ಗಕ್ಕೆ ಸೀರೆ ಕಟ್ಟಿ ಮರೆ ಮಾಡಿದೆ. ಒಳಗೆ ಅವರು ಉಸಿರುಕಟ್ಟಿ ಬೆವರಿನಲ್ಲಿ ತೊಯ್ದುಹೋದರು. ಸೀರೆಯ ಅಂಚು ಬೀಸಿ ಬೀಸಿ ತೋಳಿಗೆ ತಾಗಿದ್ದೊಂದು ಬೇರೆ. ಕೆಲಸವನ್ನು ರಾತ್ರಿ ಮಾಡಬಾರದಿತ್ತೇ ಎಂದು ಕೇಳುವವರು ಇರುತ್ತಾರೆ. ರಾತ್ರಿ ಎರಡೆರಡು ಗಂಟೆಗೊಮ್ಮೆ ಅವರನ್ನು ಮಗ್ಗುಲು ಹೊರಳಿಸಬೇಕಾಗಿತ್ತು, ನಡುವೆ ನಾನೂ ಒಂದಿಷ್ಟು ಸತ್ತಂತೆ ಮಲಗಬೇಕಾಗಿತ್ತು.

ಹೀಗೆ ಗಾಳಿಯ ಹಂಗಿಲ್ಲದೆ ಯಂತ್ರವನ್ನು ತಣ್ಣಗಿಡುವ ಉದ್ಯೋಗಕ್ಕೆ ಇಳಿದೆ. ಮೊದಲು ಅಪ್ಪನ ಇಂಜೆಕ್ಷನ್ ಶೀಶೆಗಳ ರಬ್ಬರ್ ಬಿರಡೆಗಳನ್ನು ಕೂಡಿಟ್ಟು, ಯಂತ್ರದ ನಾಲ್ಕೂ ಮೂಲೆಗೆ ಎರಡೆರಡು ಅಂಟಿಸಿ ಮೇಜಿನಿಂದ ಎತ್ತರಿಸಿದೆ. ಮುಕ್ಕಾಲು ಗಂಟೆ ಇದ್ದದ್ದು ಒಂದು ಗಂಟೆಯಾಯಿತು. ಆಸೆ ಹುಟ್ಟಿತು. ಅಲ್ಯುಮಿನಿಯಂ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ ಎಂದು ಸ್ಕೂಲಿನಲ್ಲಿ ಓದಿದ್ದು ನೆನಪಾಗಿ, ಇಡ್ಲಿ ತಟ್ಟೆಗಳನ್ನು ಬೋರಲಾಗಿಟ್ಟು ಅವುಗಳ ಮೇಲೆ ಯಂತ್ರವನ್ನು ಕೂರಿಸಿದೆ. ಪಕ್ಕದ ಖೋಲಿಯಾಕೆ ಆ ಹೊತ್ತಿಗೆ ಒಳಗೆ ಬಂದಳು. ವಿಜಾಪುರದ ಕಡೆಯವಳು. ಬೆಳಿಗ್ಗೆ ಬಿಲ್ಡಿಂಗುಗಳ ಮೆಟ್ಟಿಲು ಗುಡಿಸುವ ಕೆಲಸ ಮುಗಿಸಿ ಬಂದರೆ ಮಧ್ಯಾಹ್ನವೆಲ್ಲ ಮನೆಯಲ್ಲೇ ಇರುತ್ತಿದ್ದಳು. ನಾನು ಶನಿವಾರ ಫೋರ್ಟಿಗೆ ಹೋದಾಗ ಅಪ್ಪನ ಹತ್ತಿರ ಕೂರುತ್ತಿದ್ದವಳೂ ಅವಳೇ. ನೋಡಿದವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ಇದೇನ್ರೀ ಅಕ್ಕಾರ, ಕಂಪ್ಯೂಟರ್ ಬೇಯ್ಸಾಕ ಇಟ್ಟೀರೇನು?"

ಬೇಯಿಸಿದ ಹಾಗೇ ಆಯಿತು. ಯಂತ್ರದ ತಳ ಪ್ಲಾಸ್ಟಿಕ್ಕು, ಬಿಸಿಯನ್ನು ಕೆಳಕ್ಕೆ ಬಿಡುತ್ತಲೇ ಇರಲಿಲ್ಲ. ಇಡ್ಲಿ ತಟ್ಟೆಗಳು ತಣ್ಣಗೆ ಇದ್ದವು, ಯಂತ್ರ ತನ್ನ ಪಾಡಿಗೆ ಕಾದು ನಿಂತಿತು.

ಮಂಚದ ಮೇಲಿಂದ ಅಪ್ಪ ಇದನ್ನೆಲ್ಲ ನೋಡುತ್ತಿದ್ದರು. ಅವರು ಪರೇಲಿನ ಒಂದು ಬಟ್ಟೆ ಗಿರಣಿಯಲ್ಲಿ ಇಲೆಕ್ಟ್ರಿಕ್ ವಿಭಾಗದ ಫೋರ್‌ಮನ್ ಆಗಿದ್ದವರು. ಮೈಸೂರಿನಿಂದ ಇಪ್ಪತ್ತನೆಯ ವಯಸ್ಸಿಗೆ ಬಂದು, ಗಿರಣಿ ಮುಚ್ಚುವ ತನಕ ಅಲ್ಲೇ ಇದ್ದರು. ಆಮೇಲೆ ಯಾರೂ ಅವರನ್ನು ಏನನ್ನೂ ಕೇಳುತ್ತಿರಲಿಲ್ಲ. ನಾನೂ ಕೇಳಿರಲಿಲ್ಲ. ಒಂದು ಮಧ್ಯಾಹ್ನ ಅವರಾಗಿಯೇ ಬಾಯಿ ತೆರೆದರು. ಒಂದೊಂದು ಮಾತೂ ಎಳೆದು ಎಳೆದು ಬರುತ್ತಿತ್ತು.

"ಟ್ರಾನ್ಸ್‌ಫಾರ್ಮರ್‌ಗೆ ಫ್ಯಾನ್ ಇರತ್ತೇನೇ?"

ಬೀದಿ ಬದಿಯ ಟ್ರಾನ್ಸ್‌ಫಾರ್ಮರ್ ಕಣ್ಣಮುಂದೆ ತಂದುಕೊಂಡು ಇಲ್ಲ ಎಂದೆ.

"ಮತ್ತೆ ಬಿಸಿಲಲ್ಲಿ ನಿಂತ್ಕೊಂಡು ಅದು ಹೆಂಗೆ ತಡ್ಕೊಳತ್ತೆ? ಮೈ ತುಂಬ ಪಟ್ಟಿ ಪಟ್ಟಿ ಇರತ್ತೆ, ನೋಡಿಲ್ವಾ? ಒಳಗಿನ ಬಿಸಿ ಆ ಪಟ್ಟಿಗೆ ಬರತ್ತೆ. ಪಟ್ಟಿಯಿಂದ ಗಾಳಿಗೆ ಹೋಗತ್ತೆ. ಗಾಳಿ ಬೀಸ್ಬೇಕಾಗಿಲ್ಲ. ಬಿಸಿಯಾದ್ರೆ ತಾನೇ ಮೇಲಕ್ಕೆ ಏಳತ್ತೆ, ಕೆಳಗಿಂದ ಬೇರೆ ಗಾಳಿ ಬರತ್ತೆ. ನೀನು ಮೊದ್ಲು ಬಿಸಿ ಎಲ್ಲಿ ಹುಟ್ತಾ ಇದೆ ಅಂತ ನೋಡು."

ಐದು ತಿಂಗಳಲ್ಲಿ ಅವರು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಮುಗಿಸುವ ಹೊತ್ತಿಗೆ ಸುಸ್ತಾಗಿ ಕಣ್ಣು ಮುಚ್ಚಿದರು. ಟ್ರಂಕಿನಲ್ಲಿದ್ದ ಅವರ ಸ್ಕ್ರೂಡ್ರೈವರ್ ತೆಗೆದೆ. ಯಂತ್ರದ ತಳದಲ್ಲಿ ಎರಡು ಸ್ಕ್ರೂ ಬಿಚ್ಚಿದರೆ ಕಳಚಿಕೊಳ್ಳುವ ಪುಟ್ಟ ಮುಚ್ಚಳವಿತ್ತು. ಅದರ ಒಳಗೆ ಒಂದು ತಗಡು. ಬೆರಳಿಟ್ಟವಳು ಹೌಹಾರಿ ಕೈ ತೆಗೆದೆ. ಬಿಸಿ ಹುಟ್ಟುವ ಜಾಗ ಅದಾಗಿತ್ತು. ಸಾಹೇಬರ ಯಂತ್ರವನ್ನು ಹೀಗೆ ಬಿಚ್ಚಿದ್ದೇನೆಂದು ಅವರಿಗೆ ಗೊತ್ತಾದರೆ ಏನು ಗತಿ ಎಂದು ಒಂದು ಕ್ಷಣ ಅನಿಸಿತು. ಆದರೆ ಗೊತ್ತಾಗುವ ದಾರಿ ಇರಲಿಲ್ಲ.

ಆ ಶನಿವಾರ ಫ್ಲಾಪಿ ಕೊಟ್ಟು ಬರುವಾಗ ಗ್ರಾಂಟ್ ರೋಡಿನಲ್ಲಿ ಇಳಿದೆ. ಸ್ಟೇಷನ್ನಿನ ಆಚೆಗೆ ರೇಡಿಯೋ ಬಿಡಿಭಾಗ ಮಾರುವ ಅಂಗಡಿಗಳ ಸಾಲು. ಅಲ್ಲೊಬ್ಬ ಮುದುಕ ಹಾಳಾದ ಆಂಪ್ಲಿಫೈಯರುಗಳನ್ನು ಬಿಚ್ಚಿ ರಾಶಿ ಹಾಕಿಕೊಂಡಿದ್ದ. ನನ್ನ ಕಷ್ಟವನ್ನು ಅರ್ಧ ಕೇಳುವುದರೊಳಗೆ ರಾಶಿಯಲ್ಲಿ ಕೈ ಹಾಕಿ ಅಂಗೈಯಗಲದ ಒಂದು ಕಪ್ಪು ಅಲ್ಯುಮಿನಿಯಂ ತುಂಡನ್ನು ತೆಗೆದ. ಒಂದು ಕಡೆ ಸಪಾಟು, ಇನ್ನೊಂದು ಕಡೆ ಬಾಚಣಿಗೆಯ ಹಾಗೆ ಉದ್ದುದ್ದ ಪಟ್ಟಿಗಳು. ಹೀಟ್ ಸಿಂಕ್ ಎಂದ. ಜೊತೆಗೆ ಸಣ್ಣ ಡಬ್ಬಿಯಲ್ಲಿ ಬಿಳಿಯ ಪೇಸ್ಟು ಕೊಟ್ಟು, ತಗಡಿಗೂ ಇದಕ್ಕೂ ನಡುವೆ ಸವರಬೇಕು, ಇಲ್ಲದಿದ್ದರೆ ಬಿಸಿ ದಾಟುವುದಿಲ್ಲ ಎಂದು ವಿವರಿಸಿದ. "ಜ್ಯಾದಾ ನಹೀ, ಬೆಹನ್. ರೋಟಿ ಪೆ ಘೀ ಲಗಾತೇ ಹೈ ನಾ, ಬಸ್ ಉತ್ನಾ." ರೊಟ್ಟಿಗೆ ತುಪ್ಪ ಸವರಿದಷ್ಟಾದರೆ ಸಾಕಂತೆ. ಸರಿಯಾಗಿದೆಯೋ ಇಲ್ಲವೋ ನೋಡುವುದಕ್ಕೆ ಅವನದೇ ಒಂದು ಲೆಕ್ಕವಿತ್ತು. ಪಟ್ಟಿಗಳ ಮೇಲೆ ಅಂಗೈಯಿಟ್ಟು ಐದು ಎಣಿಸುವ ತನಕ ತಡೆದುಕೊಳ್ಳುವ ಹಾಗಿದ್ದರೆ ಯಂತ್ರಕ್ಕೆ ಏನೂ ಆಗುವುದಿಲ್ಲವಂತೆ.

ಮನೆಗೆ ಬಂದು ಪೇಸ್ಟು ಸವರಿ, ಹೀಟ್ ಸಿಂಕನ್ನು ತಗಡಿಗೆ ಒತ್ತಿ, ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿಯಿಂದ ಬಿಗಿದೆ. ಈಗ ಯಂತ್ರದ ಹೊಟ್ಟೆಯ ಕೆಳಗೆ ಒಂದು ಗಡ್ಡೆ ನೇತಾಡುತ್ತಿತ್ತು, ಮೇಜಿನ ಮೇಲೆ ಇಡುವ ಹಾಗಿರಲಿಲ್ಲ. ಅಟ್ಟದ ಮೇಲೆ ಅಮ್ಮನ ಪಾರಾಯಣದ ಪೀಠ ಇತ್ತು. ಇಳಿಜಾರಾಗಿ ನಿಲ್ಲುವ ಮರದ ಚೌಕಟ್ಟು, ನಡುವೆ ಖಾಲಿ, ಗ್ರಂಥ ಜಾರದಂತೆ ಕೆಳಗೊಂದು ಅಡ್ಡಪಟ್ಟಿ. ಅದರ ಮೇಲೆ ಕೂರಿಸಿದರೆ ಗಡ್ಡೆ ಖಾಲಿ ಜಾಗದಲ್ಲಿ ಇಳಿಬಿದ್ದು ಎಲ್ಲ ಹೇಳಿ ಮಾಡಿಸಿದ ಹಾಗೆ ಕೂತಿತು. ಅಪ್ಪ ಅದನ್ನು ನೋಡಿ, "ನಿಮ್ಮಮ್ಮ ಇದ್ದಿದ್ರೆ ನಿನ್ನೂ ನನ್ನೂ ಸೇರಿಸಿ ಆಚೆ ಹಾಕ್ತಿದ್ಲು," ಎಂದರು.

ಒಂದೂವರೆ ಗಂಟೆ ನಡೆಯಿತು. ನಾನು ಅಷ್ಟಕ್ಕೇ ತೃಪ್ತಳು. ಅಪ್ಪ ತೃಪ್ತರಾಗಲಿಲ್ಲ. ಪಟ್ಟಿ ಯಾವ ದಿಕ್ಕಿಗೆ ಇದೆ ತೋರಿಸು ಎಂದರು. ಪೀಠವನ್ನು ಎತ್ತಿ ಅವರ ಕಣ್ಣೆದುರಿಗೆ ಹಿಡಿದೆ. ಪಟ್ಟಿಗಳು ಅಡ್ಡಡ್ಡ ಇದ್ದವು. "ಅಡ್ಡ ಗೋಡೆ ಕಟ್ಟಿದೀಯಲ್ಲೇ. ಗಾಳಿ ಹೆಂಗೆ ಹತ್ತತ್ತೆ? ತಿರುಗ್ಸು." ಹೀಟ್ ಸಿಂಕನ್ನು ಕಾಲು ಸುತ್ತು ತಿರುಗಿಸಿ, ಪಟ್ಟಿಗಳ ನಡುವಿನ ಸಂದು ಕೆಳಗಿನಿಂದ ಮೇಲಕ್ಕೆ ಹೋಗುವಂತೆ ಕಟ್ಟಿದೆ. ಅಂದು ಯಂತ್ರ ಎರಡೂವರೆ ಗಂಟೆ ನಿಲ್ಲದೆ ನಡೆಯಿತು. ಅಪ್ಪ ಗೋಡೆಯ ಗಡಿಯಾರ ನೋಡುತ್ತ ಹೊತ್ತು ಎಣಿಸಿದರು. ಗಿರಣಿ ಮುಚ್ಚಿದ ಮೇಲೆ ಅವರ ಮುಖದಲ್ಲಿ ಆ ಗಾಂಭೀರ್ಯ ನಾನು ನೋಡಿರಲಿಲ್ಲ, ನನಗೆ ಹೊಟ್ಟೆ ತುಂಬಿದಷ್ಟು ಸಂತೋಷವಾಯಿತು.

ಏಪ್ರಿಲ್ ತಿಂಗಳು ಹೀಗೇ ಕಳೆಯಿತು. ಹತ್ತು ನಿಮಿಷಕ್ಕೊಮ್ಮೆ ಪೀಠದ ಕೆಳಗೆ ಕೈ ಹಾಕಿ ಐದು ಎಣಿಸುವುದು, ನಡುನಡುವೆ ಎದ್ದು ಅಪ್ಪನ ಬೆವರು ಒರೆಸುವುದು, ಗಂಜಿ ಕುಡಿಸುವುದು, ಮಲಮೂತ್ರಕ್ಕೆ ಪಾತ್ರೆ ಇಡುವುದು, ತೆಗೆಯುವುದು, ಮತ್ತೆ ಬಂದು ಒದ್ದೆಯಾದ ಸಕ್ಕರೆ ಮೂಟೆಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವುದು. ದಿನದ ಕೊನೆಗೆ ನನಗೆ ಯಾರೊಡನೆಯೂ ಮಾತು ಬೇಡವಾಗಿರುತ್ತಿತ್ತು.

ಪೇಸ್ಟು ಮುಗಿದದ್ದು ನನ್ನ ತಪ್ಪಿನಿಂದಲೇ. ದಿನಕ್ಕೊಮ್ಮೆ ಬಿಚ್ಚಿ, ಒರೆಸಿ, ಹೊಸದಾಗಿ ಸವರುತ್ತಿದ್ದೆ. ಶನಿವಾರಕ್ಕೆ ಇನ್ನೂ ಐದು ದಿನವಿತ್ತು. ಆ ಬಿಳಿಯ ಪೇಸ್ಟನ್ನು ನೋಡಿದಾಗೆಲ್ಲ ನನಗೆ ಕಲಸಿದ ವಿಭೂತಿಯ ನೆನಪಾಗುತ್ತಿತ್ತು. ಅಂಗಡಿಯ ಮುದುಕ ಆಡಿದ ರೋಟಿ ತುಪ್ಪದ ಮಾತು ಬೇರೆ ತಲೆಯಲ್ಲಿ ಕೂತಿತ್ತು. ದೇವರ ಗೂಡಿನಿಂದ ಅಪ್ಪನ ವಿಭೂತಿ ಉಂಡೆ ತೆಗೆದು ಪುಡಿ ಮಾಡಿ, ಬಟ್ಟೆಯಲ್ಲಿ ಜರಡಿ ಹಿಡಿದು, ತುಪ್ಪದಲ್ಲಿ ಕಲಸಿ ಸವರಿದೆ. ಕೆಲಸ ಮಾಡಿತು. ಮೂರು ದಿನ ಯಂತ್ರ ಚೆನ್ನಾಗಿಯೇ ನಡೆಯಿತು. ಕೆಲಸ ಮಾಡುವಾಗ ಕೋಣೆಯಲ್ಲಿ ಹೋಮ ಮಾಡಿದ ವಾಸನೆ ಬರುತ್ತಿತ್ತು, ಅಷ್ಟೇ. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ನಾಲ್ಕನೆಯ ದಿನ ಕೀಗಳ ಸಂದಿನಿಂದ ಒಂದು ಕೆಂಪಿರುವೆ ಎದ್ದುಬಂತು. ಅದರ ಹಿಂದೆ ಇನ್ನೊಂದು. ಬಗ್ಗಿ ನೋಡಿದರೆ ಮೋರಿಯಿಂದ ಹೊರಟ ಸಾಲು ಗೋಡೆ ಹಿಡಿದು, ಮೇಜಿನ ಕಾಲು ಹತ್ತಿ, ಪೀಠದ ಅಡ್ಡಪಟ್ಟಿ ದಾಟಿ ಯಂತ್ರದ ಹೊಟ್ಟೆಯೊಳಗೆ ಹೋಗುತ್ತಿತ್ತು. ಕರಗಿದ ತುಪ್ಪ ಪಟ್ಟಿಗಳ ಮೇಲೆಲ್ಲ ಇಳಿದು ಜಿಡ್ಡುಗಟ್ಟಿತ್ತು. ಎಲ್ಲ ಬಿಚ್ಚಿ ಸ್ಪಿರಿಟ್ ಹಚ್ಚಿ ಒರೆಸುತ್ತ ಕೂತೆ. ಒರೆಸಿದಷ್ಟೂ ಇರುವೆ. "ಏನಾಯ್ತೇ?" ಎಂದು ಅಪ್ಪ ಕೇಳಿದರು. ಹೇಳಿದೆ. ಅವರ ಮುಖದ ಬಲಭಾಗ ಮೊದಲು ಅಲುಗಿತು, ಆಮೇಲೆ ಹೊಟ್ಟೆ ಕುಲುಕಿತು. ಲಕ್ವ ಹೊಡೆದ ಮೇಲೆ ಅವರು ನಕ್ಕೇ ಇರಲಿಲ್ಲ. ಕಣ್ಣಿನಲ್ಲಿ ನೀರು ಬರುವ ತನಕ ನಕ್ಕರು. "ನೈವೇದ್ಯ ಮಾಡಿದ್ಮೇಲೆ ಪ್ರಸಾದಕ್ಕೆ ಬರ್ದೆ ಇರ್ತಾರಾ?" ಎಂದರು. ನಾನೂ ನಕ್ಕೆ. ಆಮೇಲೆ ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದೆ ಆ ರಾತ್ರಿ ಊಟ ಮಾಡದೆ ಮಲಗಿದೆ. ಆ ಶನಿವಾರದ ಫ್ಲಾಪಿಯನ್ನು ಒಂದು ಗಂಟೆ ತಡವಾಗಿ ಮುಟ್ಟಿಸಿದೆ. ಸಾಹೇಬರು ಗಡಿಯಾರ ನೋಡಿ ಫ್ಲಾಪಿ ತೆಗೆದುಕೊಂಡರು.

ಮೇ ತಿಂಗಳಲ್ಲಿ ದೊಡ್ಡ ಕೆಲಸ ಬಂತು. ಒಂದು ಹಡಗಿನ ತುಂಬ ಪತ್ರಿಕೆ ಮುದ್ರಿಸುವ ಕಾಗದದ ಉರುಳೆಗಳು ಸಮುದ್ರದ ನೀರು ಕುಡಿದು ಬಂದಿದ್ದವು. ವರದಿ ಅರವತ್ತು ಪುಟಕ್ಕೆ ಕಡಿಮೆಯಿಲ್ಲ. ಹದಿನೈದು ದಿನದಲ್ಲಿ ಮುಗಿಯಬೇಕು. ಹಾಗೆ ಮುಗಿಯದಿದ್ದರೆ ಆಫೀಸಿನ ಕೈಯಿಂದ ಆ ಗಿರಾಕಿಯೇ ತಪ್ಪಿಹೋಗುತ್ತಾರೆ ಎಂದು ಸಾಹೇಬರು ಎರಡು ಸಲ ಹೇಳಿದರು. "ಆಫೀಸ್ ಮೆ ಬೈಠ್ ಕೆ ಕರ್ನಾ ಹೈ ತೊ ಅಭೀ ಬೋಲ್." ಆಫೀಸಿನಲ್ಲಿ ಕೂರುವುದು ಬೇಡ, ಮನೆಯಲ್ಲೇ ಮಾಡುತ್ತೇನೆ ಎಂದೆ. ಬೇರೆ ಏನು ಹೇಳಲಿ?

ಮೊದಲ ವಾರ ನಾನು ಮಾಡಿದ್ದು ಇಪ್ಪತ್ತು ಪುಟವೂ ಇಲ್ಲ. ಗಾಳಿಯೇ ಬಿಸಿಯಾಗಿ, ಒದ್ದೆಯಾಗಿ, ಕದಲದೆ ನಿಂತುಬಿಟ್ಟಿತ್ತು. ಮಧ್ಯಾಹ್ನ ಪಡುವಣದ ಕಿಟಕಿಯಿಂದ ಬಿಸಿಲು ಒಳಗೆ ಬಿದ್ದರೆ ಹೀಟ್ ಸಿಂಕಿನ ಮೇಲೆ ಎರಡು ಎಣಿಸುವ ತನಕವೂ ಕೈ ಇಡಲಾಗುತ್ತಿರಲಿಲ್ಲ. ಬೆಳಿಗ್ಗೆ ಎರಡು ಗಂಟೆ, ಸಂಜೆ ಒಂದು ಗಂಟೆ, ಅಷ್ಟೇ ಕೆಲಸ. ಕಿಟಕಿಗೆ ಗೋಣಿತಾಟು ಕಟ್ಟಿದೆ, ಅದನ್ನು ನೆನೆಸಿದೆ, ಕೋಣೆ ಇನ್ನಷ್ಟು ಕುದಿಯಿತು. ಅಪ್ಪ ಉಪಾಯ ಹೇಳುತ್ತಿದ್ದರು, ನಾನು ಮಾಡುತ್ತಿದ್ದೆ, ಯಾವುದೂ ನಾಟುತ್ತಿರಲಿಲ್ಲ. ಕೊನೆಗೆ ಅವರೇ, "ಹೊರಗಿನ ಗಾಳಿ ಬಿಸಿಯಾದ್ರೆ ಟ್ರಾನ್ಸ್‌ಫಾರ್ಮರ್ರೂ ಸುಟ್ಟುಹೋಗತ್ತೆ ಕಣೇ," ಎಂದುಬಿಟ್ಟರು.

ಎರಡನೆಯ ವಾರದ ಸೋಮವಾರ ಮಧ್ಯಾಹ್ನಕ್ಕೆ ಮೊದಲೇ ಯಂತ್ರ ಮೂರು ಸಲ ನಿಂತಿತು. ಮೂರನೆಯ ಸಲ ನಾಲ್ಕು ಪುಟ ಹೋಯಿತು. ಐದು ನಿಮಿಷಕ್ಕೊಮ್ಮೆ ಸೇವ್ ಮಾಡುವ ಅಭ್ಯಾಸವಿದ್ದರೂ ಅಂದು ಮರೆತಿದ್ದೆ. ಮೇಜಿಗೆ ಕೈ ಬಡಿದೆ. ಬಡಿದದ್ದಲ್ಲದೆ, "ಈ ಮನೇಲಿ ಒಂದು ಫ್ಯಾನ್ ಹಾಕೋ ಹಾಗಿದ್ದಿದ್ರೆ ನನಗೆ ಇಷ್ಟೆಲ್ಲ ಕರ್ಮ ಯಾಕೆ?" ಎಂದುಬಿಟ್ಟೆ. ಜೋರಾಗಿಯೇ ಅಂದೆ. ಅವರ ಕಡೆ ತಿರುಗಲಿಲ್ಲ. ಕೇಳಿಸಲಿ ಎಂದೇ ಅಂದಿದ್ದೆ.

ಮಂಚದ ಮೇಲಿಂದ ಅಪ್ಪ ಹೇಳಿದರು. "ಫ್ಯಾನ್ ಹಾಕಮ್ಮ. ಈಗ ಮೊದಲಿನ ಹಾಗೆ ಉರಿಯಲ್ಲ. ಎಷ್ಟೋ ಕಡಿಮೆಯಾಗಿದೆ."

"ನಿಜವಾಗ್ಲೂ?"

"ಹಾಕು. ಸೆಕೆ ನನಗೂ ತಡೀತಿಲ್ಲ."

ಸ್ವಿಚ್ ಹಾಕಿದೆ. ತಿಂಗಳುಗಟ್ಟಲೆ ನಿಂತಿದ್ದ ಫ್ಯಾನು ಧೂಳು ಉದುರಿಸಿ ತಿರುಗಿತು. ಹೇಗಿದೆ ಎಂದು ಕೇಳಿದೆ. "ಹಿತವಾಗಿದೆ," ಎಂದರು. ಆ ಗಾಳಿ ನನ್ನ ಕತ್ತಿಗೆ ತಾಗಿದಾಗ ಆದ ಸುಖವನ್ನು ಈಗಲೂ ಸುಳ್ಳೆಂದು ಹೇಳಲಾರೆ. ಹತ್ತೇ ನಿಮಿಷದಲ್ಲಿ ಹೀಟ್ ಸಿಂಕಿನ ಮೇಲೆ ಐದಲ್ಲ, ಇಪ್ಪತ್ತು ಎಣಿಸುವಂತಾಯಿತು. ಅಂದು ಸಂಜೆಯ ತನಕ ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ಮರುದಿನ ಬೆಳಿಗ್ಗೆ ಅವರು ಹೇಳುವ ಮುಂಚೆಯೇ ನಾನು ಸ್ವಿಚ್ ಹಾಕಿದೆ.

ಮೂರನೆಯ ದಿನ ಮಧ್ಯಾಹ್ನ ನಾನು ಕೆಳಗೆ ನೀರು ಹಿಡಿಯಲು ಹೋಗಿ ಬರುವಷ್ಟರಲ್ಲಿ ಪಕ್ಕದ ಖೋಲಿಯಾಕೆ ನಮ್ಮ ಬಾಗಿಲಲ್ಲಿ ನಿಂತಿದ್ದಳು. ದನಿ ತಗ್ಗಿಸಿ ಹೇಳಿದಳು. "ಅಕ್ಕಾರ, ಅಪ್ಪಾರಿಗೆ ಗಾಳಿ ತಡ್ಯಾಂಗಿಲ್ರೀ. ಬಂದ್ ಮಾಡ್ಲೇನ್ರೀ ಅಂತ ಕೇಳ್ದೆ, ಬ್ಯಾಡ ಅಂದ್ರು. ಕಣ್ಣಾಗ ನೀರ್ ಬರಾಕ ಹತ್ಯಾವ್ರೀ."

"ಸೆಕೆಗೆ ಬೆವರು ಕಣ್ಣಿಗೆ ಇಳಿದಿರತ್ತೆ," ಎಂದೆ. "ಅವರೇ ಹಿತವಾಗಿದೆ ಅಂದಿದಾರೆ. ನೀನು ನಡುವೆ ಬರಬೇಡ."

ಅವಳು ನನ್ನನ್ನು ನೋಡಿದಳು, ಆಯ್ತ್ರೀ ಎಂದು ಹೊರಟುಹೋದಳು. ಆಮೇಲೂ ಶನಿವಾರ ಬಂದು ಅಪ್ಪನ ಹತ್ತಿರ ಕೂತಳು. ನನ್ನೊಡನೆ ಮಾತ್ರ ತಮಾಷೆ ಮಾಡುವುದನ್ನು ಬಿಟ್ಟಳು.

ಒಳಗೆ ಹೋದಾಗ ಅಪ್ಪ ಬಲಗೈಯನ್ನು ಎತ್ತಿ ಎಡತೋಳಿನ ಮುಂದೆ ಮರೆಯಾಗಿ ಹಿಡಿದಿದ್ದರು, ದೀಪ ಆರದ ಹಾಗೆ ಗಾಳಿಗೆ ಅಡ್ಡ ಹಿಡಿಯುತ್ತಾರಲ್ಲ, ಹಾಗೆ. ನನ್ನನ್ನು ಕಂಡ ಕೂಡಲೇ ಕೈ ಇಳಿಸಿದರು. ನಾನು ಅದನ್ನು ನೋಡಿದೆ. ನೋಡಿಲ್ಲವೆಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ, ಆದರೆ ನೋಡಿದೆ. ಆಮೇಲೆ ಮೇಜನ್ನು ಎಳೆದು ಮಂಚಕ್ಕೆ ಬೆನ್ನಾಗುವಂತೆ ಹಾಕಿಕೊಂಡೆ. ಕಿಟಕಿಯ ಬೆಳಕು ಪರದೆಗೆ ಹೊಡೆಯುತ್ತದೆ ಎಂದು ಅವರಿಗೆ ಕಾರಣ ಹೇಳಿದೆ. ಅವರು ಹೂಂ ಎಂದರು.

ಶನಿವಾರ ಅರವತ್ತಮೂರು ಪುಟದ ಫ್ಲಾಪಿಯನ್ನು ಸಾಹೇಬರ ಮೇಜಿನ ಮೇಲೆ ಇಟ್ಟೆ. ಅವರು ಅಲ್ಲೇ ಅಚ್ಚು ಹಾಕಿಸಿ, ಕನ್ನಡಕ ಏರಿಸಿ, ಒಂದು ಗಂಟೆ ಓದಿದರು. ಒಂದು ಕಾಮಾವನ್ನೂ ತಿದ್ದಲಿಲ್ಲ. "ಬಾರಿಶ್ ಕೆ ಬಾದ್ ಭೀ ಘರ್ ಸೆ ಹೀ ಕರ್. ಜಬ್ ತಕ್ ಬಾಪ್ ಹೈ, ತಬ್ ತಕ್." ಮಳೆಗಾಲ ಕಳೆದರೂ, ಅಪ್ಪ ಇರುವ ತನಕ ಮನೆಯಿಂದಲೇ ಮಾಡು ಎಂದವರು ಶನಿವಾರದ ಷರತ್ತಿನ ಮಾತು ಮತ್ತೆಂದೂ ಎತ್ತಲಿಲ್ಲ. ಲೋಕಲ್‌ನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು, ದಾದರ್ ಬರುವ ಮೊದಲೇ ನಿದ್ದೆ ಹೋದೆ, ಗೋರೆಗಾಂವ್ ದಾಟಿ ಮುಂದಿನ ಸ್ಟೇಷನ್ನಿನಲ್ಲಿ ಎಚ್ಚರವಾಯಿತು.

ಕೆಲಸ ಮುಗಿದ ಮೇಲೂ ಫ್ಯಾನ್ ಆರಿಸಲಿಲ್ಲ. ಸಣ್ಣ ವರದಿಗಳು ಬರುತ್ತಲೇ ಇದ್ದವು, ಸೆಕೆಯೂ ಇತ್ತು, ಹಿತವಾಗಿದೆ ಎಂದು ಅವರು ಹೇಳಿಯೇ ಇದ್ದರು. ಮಳೆ ಹಿಡಿದು ಕೋಣೆ ತಣ್ಣಗಾದ ದಿನ, ಇನ್ನು ಬೇಡ ಎಂದು ಸ್ವಿಚ್ ಆರಿಸಿದೆ. ಫ್ಯಾನ್ ನಿಂತದ್ದೇ ತಡ, ಅಪ್ಪನಿಗೆ ನಿದ್ದೆ ಬಂತು. ಬೆಳಿಗ್ಗೆ ಒಂಬತ್ತಕ್ಕೆ ಮಲಗಿದವರು ಸಂಜೆ ಐದರವರೆಗೆ ಮಿಸುಕಲಿಲ್ಲ. ನಾನು ಎರಡು ಸಲ ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ. ಅಷ್ಟು ದಿನ ಅವರು ಹಗಲು ಕಣ್ಣು ಮುಚ್ಚಿರಲೇ ಇಲ್ಲ ಎಂದು ನನಗೆ ಆಗ ಹೊಳೆಯಿತು.

ಎದ್ದ ಮೇಲೆ ಮೈ ಒರೆಸಿದೆ. ಎಡತೋಳಿನ ಹತ್ತಿರ ಬಂದಾಗ ನನ್ನ ಕೈ ನಿಂತಿತು.

"ಅಪ್ಪಾ, ಫ್ಯಾನ್ ಹಾಕಿದಾಗ ಉರೀತಿತ್ತಾ?"

"ಕೆಲಸ ಮುಗೀತಲ್ಲಮ್ಮ," ಎಂದರು.

ಅಪ್ಪ ಆಮೇಲೆ ಮೂರು ವರ್ಷ ಇದ್ದರು. ಮತ್ತೆಂದೂ ಆ ಮಾತು ಎತ್ತಲಿಲ್ಲ. ಆ ಪ್ರಶ್ನೆಯನ್ನು ನಾನು ಕೇಳಬೇಕಾಗಿದ್ದದ್ದು ಮೇ ತಿಂಗಳಿನಲ್ಲಿ, ಅವರು ಕೈ ಇಳಿಸಿದ ಆ ಮಧ್ಯಾಹ್ನ. ಕೇಳಿದರೆ ಅವರು ಹೌದು ಎಂದುಬಿಡುತ್ತಾರೇನೋ ಎಂಬ ಹೆದರಿಕೆಗೆ ಕೇಳಲಿಲ್ಲ.